ಬರೆಯೋದಕ್ಕೆ ಐ7 ಯಾಕ್ರೀ?

ಪ್ರಶ್ನೆ: ಲೇಖನ, ಅನುವಾದ ಅಂತ ದಿನಕ್ಕೆ ನಾಲ್ಕೈದು ಗಂಟೆ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಲ್ಯಾಪ್‌ಟಾಪ್ ಕೊಳ್ಳಬೇಕು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯವರು ‘ಇಂಟೆಲ್ ಐ7 ಪ್ರೊಸೆಸರಿನದ್ದೇ ತಗೊಳ್ಳಿ, ಗ್ರಾಫಿಕ್ಸ್ ಕಾರ್ಡ್ ಇದ್ರೆ ಅಕ್ಷರ ಚೆನ್ನಾಗಿ ಕಾಣುತ್ತೆ’ ಅಂದರು. ನಿಜವೇ?
– ಬಸವನಗುಡಿಯ ಓದುಗರು

ಉತ್ತರ: ಶುದ್ಧ ಸುಳ್ಳು. ಅಕ್ಷರ ಮೂಡಿಸಲು ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಧಾರಾಳವಾಯಿತು. ಬೇರೆ ಕಾರ್ಡಿನಿಂದ ನಿಮಗೆ ಸಿಗುವುದು ಹೆಗಲಿಗೆ ಭಾರ ಮತ್ತು ಫ್ಯಾನಿನ ಗದ್ದಲ.

ಐ7 ಸ್ಟಿಕ್ಕರ್ ನೋಡಬೇಡಿ, ಅದರ ಮುಂದಿನ ಅಂಕಿ ಓದಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಐ7-7500ಯು ಪ್ರೊಸೆಸರಿಗೆ ಇರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಅದರ ಮರು ತಲೆಮಾರಿನ ಐ5-8250ಯುಗೆ ನಾಲ್ಕು. ಮೊದಲನೆಯದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯದೇ ಸಾಕು ಅನ್ನುವವರು ಇಂಟೆಲ್ 8ನೇ ತಲೆಮಾರಿಗಿಂತ ಕೆಳಗೆ ಇಳಿಯಬೇಡಿ. ಹೊಸದಾದರೆ ಈಚಿನ ಯಾವುದೇ ಐ5 ಅಥವಾ ಎಎಂಡಿಯ ರೈಜನ್ 5 ಆದೀತು.

ಮಿಗಿಸಿದ ದುಡ್ಡನ್ನು ರ‍್ಯಾಮ್‌ಗೆ ಹಾಕಿ. 8 ಜಿಬಿಯಲ್ಲಿ ವರ್ಡ್ ಒಂದೇ ಆದರೆ ಓಡುತ್ತದೆ. ಆದರೆ ಅನುವಾದಕರು ನಿಘಂಟು, ಪಿಡಿಎಫ್ ಅಂತ ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟಿರುತ್ತಾರೆ, ಆಗ ಏದುಸಿರು ಶುರು. 16 ಜಿಬಿ ಇರಲಿ. ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ‘ಆಮೇಲೆ ಹಾಕಿಸ್ಕೊಳ್ಳಿ ಸಾರ್’ ಅನ್ನುವವರಿಗೆ ಖಾಲಿ ಸ್ಲಾಟ್ ತೋರಿಸಲು ಹೇಳಿ. ಡಿಸ್ಕ್ 256 ಜಿಬಿ ಇದ್ದರೂ ಸಾಲುತ್ತದೆ, ಮುನ್ನೂರು ಪುಟದ ಕಾದಂಬರಿ ಬರೀ ಪಠ್ಯವಾಗಿ ಒಂದೆರಡು ಎಂಬಿ ದಾಟದು. ಎಸ್‌ಎಸ್‌ಡಿ ಆಗಿರಬೇಕು, ಅದಕ್ಕಿಂತ ನಿಧಾನದ ಅಗ್ಗದ ಸಂಗ್ರಹ ಇಎಂಎಂಸಿ ಬೇಡ.

ಪರದೆ 14 ಇಂಚು, 1920×1080, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ್ದು), ಮ್ಯಾಟ್ (ಹೊಳಪಿಲ್ಲದ್ದು). ಹಳೆಯ 1366×768 ಪರದೆ ಇಂಗ್ಲಿಷಿಗೆ ನಡೆದೀತು, ಕನ್ನಡಕ್ಕೆ ನಡೆಯದು. 12 ಪಾಯಿಂಟಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಿ: ಒತ್ತುಗಳು ಕಲಸಿಹೋಗುತ್ತವೆ. ದ, ಧ, ಥ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕಿ. ಕರಡು ತಿದ್ದುವಾಗ ಕಣ್ಣು ತಪ್ಪುವುದು ಅಲ್ಲೇ.

ಇನ್ನು ಕೀಬೋರ್ಡ್. ಯಾರೂ ಕೇಳುವುದಿಲ್ಲ, ಕೊಂಡ ಮೇಲೆ ಎಲ್ಲರೂ ಗೊಣಗುತ್ತಾರೆ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು, ಒತ್ತಿಗೆ ಎಫ್ ಕೀ ಬೇಕು. ಇಂಗ್ಲಿಷಿನವರಿಗಿಂತ ನಮ್ಮ ಕಿರುಬೆರಳಿಗೆ ಕೆಲಸ ಹೆಚ್ಚು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೇಲ್ಬಾಣದ ಕೀಲಿಗೆ ಜಾಗ ಮಾಡಲು ಬಲಗಡೆಯ ಶಿಫ್ಟನ್ನು ಅರ್ಧಕ್ಕೆ ಕತ್ತರಿಸಿರುತ್ತಾರೆ; ‘ಧ’ ಒತ್ತಲು ಹೋದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ಪವರ್ ಬಟನ್ ಬ್ಯಾಕ್‌ಸ್ಪೇಸ್ ಪಕ್ಕಕ್ಕೆ ಅಂಟಿಕೊಂಡಿದ್ದರೂ ಬೇಡ. ಕೀ ಒತ್ತಿದರೆ 1.3ರಿಂದ 1.5 ಮಿ.ಮೀ. ಆದರೂ ಇಳಿಯಬೇಕು. ಅಂಗಡಿಯಲ್ಲೇ ನೋಟ್‌ಪ್ಯಾಡ್ ತೆರೆದು ಹತ್ತು ನಿಮಿಷ ಕುಟ್ಟಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಬ್ಯಾಟರಿಗೆ ಡಬ್ಬಿಯ ಮೇಲಿನ ‘18 ಗಂಟೆ’ ಮರೆತು ವ್ಯಾಟ್-ಅವರ್, ಅಂದರೆ ಅದು ಹಿಡಿದಿಡುವ ವಿದ್ಯುತ್ತಿನ ಅಳತೆ, ಕೇಳಿ. ಬರವಣಿಗೆ ಸುಮಾರು 7 ವ್ಯಾಟ್ ಎಳೆದರೆ 50 ವ್ಯಾಟ್-ಅವರ್ ಬ್ಯಾಟರಿ ಏಳು ಗಂಟೆ ಬರುತ್ತದೆ. ಕರೆಂಟ್ ಹೋದ ಮಧ್ಯಾಹ್ನಕ್ಕೆ ಅಷ್ಟು ಸಾಕು.

ಪ್ರಶ್ನೆ: ಅಂಗಡಿಯವರು ವಿಂಡೋಸ್, ಆಫೀಸ್ ಫ್ರೀ ಹಾಕಿಕೊಡ್ತಾರಂತೆ. ಹಾಕಿಸಲೇ?

ಉತ್ತರ: ಕದ್ದ ವಿಂಡೋಸನ್ನು ಅಸಲಿಯೆಂದು ನಂಬಿಸುವ ಆ್ಯಕ್ಟಿವೇಟರ್ ಓಡಿಸಲು ಮೊದಲು ಆ್ಯಂಟಿವೈರಸ್ ಆಫ್ ಮಾಡುತ್ತಾರಲ್ಲ, ಯಾಕೆ ಅಂತ ಕೇಳಿದ್ದೀರಾ? ಲಿಬ್ರೆ ಆಫೀಸ್ ಹಾಕಿಕೊಳ್ಳಿ, ನಿಜವಾಗಿ ಉಚಿತ.

ಪ್ರಶ್ನೆ: ರ‍್ಯಾಮ್ ಕ್ಲೀನರ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಮುಂದೆಯೂ ಇಲ್ಲ.

ಪ್ರಶ್ನೆ: ದಿನವಿಡೀ ಚಾರ್ಜರ್ ಹಾಕಿಟ್ಟರೆ ಬ್ಯಾಟರಿ ಹಾಳೇ?

ಉತ್ತರ: ಸೆಟಿಂಗ್‌ನಲ್ಲಿ ಚಾರ್ಜ್ ಮಿತಿ 80 ಪರ್ಸೆಂಟ್ ಮಾಡಿ, ಹಾಕಿಟ್ಟಿರಿ.

ಪ್ರಶ್ನೆ: ಹಳೆಯ ನುಡಿ ಫೈಲುಗಳು ಹೊಸ ಲ್ಯಾಪ್‌ಟಾಪಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿವೆ. ಕೆಟ್ಟವೇ?

ಉತ್ತರ: ಕೆಟ್ಟಿಲ್ಲ, ಮೊದಲಿನಿಂದಲೂ ಒಳಗಿದ್ದದ್ದು ಅವೇ, ಫಾಂಟ್ ಕನ್ನಡದ ವೇಷ ತೊಡಿಸಿತ್ತು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ. ನಡುವೆ ಬರೆದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸಬಹುದು; ಅವನ್ನೂ ಅರ್ಕಾವೊತ್ತನ್ನೂ ಒಂದೊಂದಾಗಿ ನೋಡಿಕೊಳ್ಳಿ. ಅಷ್ಟೂ ಮುಗಿಯುವ ತನಕ ಮೂಲ ಫೈಲು ಅಳಿಸಬೇಡಿ.