ಪೆನ್ ಸ್ಟೇಟ್ ಅರ್ಜಿಯಲ್ಲಿ ಡ್ಯುಯಲ್-ಟೈಟಲ್ ಎಲ್ಲಿ?
ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅರ್ಜಿಯಲ್ಲಿರುವ ವಿಷಯಗಳ ಪಟ್ಟಿಯಲ್ಲಿ ‘ತೌಲನಿಕ ಮತ್ತು ಅಂತರರಾಷ್ಟ್ರೀಯ ಶಿಕ್ಷಣ’ ಸಿಗುತ್ತಿಲ್ಲ ಅಂದಿರಿ. ಬಹುಶಃ ಕಾರಣ ಇಷ್ಟೇ: ಅದು ಡ್ಯುಯಲ್-ಟೈಟಲ್ ಪದವಿ, ಅಂದರೆ ಒಂಟಿಯಾಗಿ ಸಿಗುವ ಪದವಿಯಲ್ಲ, ಮುಖ್ಯ ವಿಷಯದ ಜೊತೆ ಎರಡನೇ ಹೆಸರಾಗಿ ಸೇರುವಂಥದ್ದು. ಮೊದಲು ಹೈಯರ್ ಎಜುಕೇಶನ್ (ಉನ್ನತ ಶಿಕ್ಷಣ) ಅಥವಾ ಕರಿಕ್ಯುಲಮ್ ಅಂಡ್ ಇನ್‌ಸ್ಟ್ರಕ್ಷನ್‌ನಂಥ (ಪಠ್ಯಕ್ರಮ ಮತ್ತು ಬೋಧನೆ) ಮುಖ್ಯ ವಿಭಾಗಕ್ಕೆ ಅರ್ಜಿ ಹಾಕಿ. ಉದ್ದೇಶ ಪತ್ರದಲ್ಲಿ ಡ್ಯುಯಲ್-ಟೈಟಲ್ ಯಾಕೆ ಬೇಕು ಅಂತ ಒಂದು ಪ್ಯಾರಾ ಬರೆಯಿರಿ. ‘ಜಾಗತಿಕ ಶಿಕ್ಷಣದಲ್ಲಿ ಆಸಕ್ತಿ’ ಅಂತ ಸುಮ್ನೆ ಬರೆದರೆ ಸಾಲದು, ಎಲ್ಲರೂ ಅದನ್ನೇ ಬರೆಯುತ್ತಾರೆ. ಯಾವ ದೇಶಗಳು, ಯಾವ ಪ್ರಶ್ನೆ ಅಂತ ಹೇಳಿ: ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳನ್ನೂ ಕೀನ್ಯಾದ ಕಿರಿಯ ತರಗತಿಗಳ ತಾಯ್ನುಡಿ ಕಲಿಕೆಯನ್ನೂ ಹೋಲಿಸುತ್ತೇನೆ, ಹೀಗೆ. ಪಿಎಚ್‌ಡಿಯಾದರೆ ನಾಲ್ಕನೇ ಸೆಮಿಸ್ಟರ್ ಮುಗಿಯುವುದರೊಳಗೆ ಡ್ಯುಯಲ್-ಟೈಟಲ್‌ಗೂ ಪ್ರವೇಶ ಸಿಕ್ಕಿರಬೇಕು, ಬೇಸಿಗೆ ಸೆಮಿಸ್ಟರ್ ಲೆಕ್ಕಕ್ಕಿಲ್ಲ. ಸದ್ಯಕ್ಕೆ ಮುಖ್ಯ ವಿಭಾಗದ ಕೊನೆಯ ದಿನಾಂಕ ನೋಡಿಕೊಳ್ಳಿ.