ಯಜಮಾನರ ಮುತ್ತಜ್ಜ ಇಂಗ್ಲೆಂಡಿನಿಂದ ಕೆನಡಾದ ರೈತರ ಮನೆಗೆ ಬಂದ ಅನಾಥ ಹುಡುಗ. ಅವರ ಅಪ್ಪ-ಅಮ್ಮ ತೀರಿಕೊಂಡ ದಾಖಲೆ ಎಲ್ಲಿ ಹುಡುಕಲಿ? ಡಿಎನ್‌ಎ ಪರೀಕ್ಷೆ ಮಾಡಿಸಲೇ?

ತೀರಿಕೊಂಡ ದಾಖಲೆ ಹುಡುಕಲೇಬೇಡಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಹದಿನಾಲ್ಕು ತಿಂಗಳು ಹಾಳು ಮಾಡಿಕೊಂಡಿದ್ದೇನೆ.

ನನ್ನ ಮಾವನವರ ಅಪ್ಪ 1903ರಲ್ಲಿ, ಒಂಬತ್ತನೇ ವಯಸ್ಸಿಗೆ, ಲಿವರ್‌ಪೂಲಿನಲ್ಲಿ ಹಡಗು ಹತ್ತಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಒಬ್ಬ ರೈತನ ಮನೆ ಸೇರಿದವರು. ಕಳಿಸಿದ್ದು ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಬರ್ನಾರ್ಡೋ ಸಂಸ್ಥೆ. ‘ಇಬ್ಬರೂ ಹೋಗಿಬಿಟ್ಟಿದ್ದರಂತೆ’ ಅನ್ನುವುದು ಮನೆಯವರೆಲ್ಲರ ಬಾಯಲ್ಲಿದ್ದ ಮಾತು. ನಾನೂ ಅಲ್ಲಿಂದಲೇ ಶುರುಮಾಡಿದೆ. 1894ರಿಂದ 1903ರೊಳಗೆ ಲಂಡನ್ನಿನಲ್ಲಿ ಸತ್ತ, ಅದೇ ಅಡ್ಡಹೆಸರಿನ ಗಂಡ-ಹೆಂಡತಿಯರನ್ನು ಹುಡುಕುತ್ತ ಹೋದೆ. ಇಂಗ್ಲೆಂಡಿನ ಮರಣದ ಸರ್ಟಿಫಿಕೇಟು ಒಂದಕ್ಕೆ ಆಗ 11 ಪೌಂಡ್. ಹದಿಮೂರು ತರಿಸಿದೆ. ಸ್ಟೆಪ್ನಿಯಲ್ಲಿ ಒಂದು ಜೋಡಿ ಸಿಕ್ಕಿತು: ಗಂಡ 1899ರಲ್ಲಿ, ಹೆಂಡತಿ 1901ರಲ್ಲಿ ಸತ್ತಿದ್ದರು. ವಯಸ್ಸು, ಬೀದಿ ಎಲ್ಲ ಕೂಡಿಬಂತು. ಅವರನ್ನೇ ತಂದೆ-ತಾಯಿ ಮಾಡಿ ಮೂರು ತಲೆಮಾರಿನ ವಂಶವೃಕ್ಷ ಬರೆದು, ಕಟ್ಟು ಹಾಕಿಸಿ ಮಾವನವರಿಗೆ ಕೊಟ್ಟೆ. ಪೂರ್ತಿ ತಪ್ಪು.

ತಪ್ಪು ಎಲ್ಲಾಯಿತು ಅಂದರೆ, ‘ಅನಾಥ’ ಅನ್ನುವ ಮಾತನ್ನು ‘ತಬ್ಬಲಿ’ ಅಂತ ಓದಿಕೊಂಡೆ. ಅನಾಥ ಅಂದರೆ ನೋಡಿಕೊಳ್ಳುವವರು ಇಲ್ಲ ಅಂತ. ಹೆತ್ತವರು ಸತ್ತಿದ್ದಾರೆ ಅಂತಲೇ ಆಗಬೇಕಿಲ್ಲ. 1869ರಿಂದ 1930ರ ದಶಕದವರೆಗೆ ಬ್ರಿಟನ್ನಿನಿಂದ ಕೆನಡಾಕ್ಕೆ ಹೀಗೆ ಬಂದ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಒಬ್ಬರಾದರೂ ಬದುಕಿದ್ದರು. ಗಂಡ ಸತ್ತ ಹೆಂಗಸು, ಮನೆ ತುಂಬ ಮಕ್ಕಳು, ಕಸ-ಮುಸುರೆಯ ಕೂಲಿ. ಇಬ್ಬರನ್ನು ಆಶ್ರಮಕ್ಕೆ ಬಿಡುತ್ತಾಳೆ. ಸೇರಿಸುವಾಗ ಸಹಿ ಹಾಕುವ ಕಾಗದದಲ್ಲೇ ‘ಕೆನಡಾಕ್ಕೆ ಕಳಿಸಲು ಒಪ್ಪಿಗೆ’ ಅನ್ನುವ ಸಾಲೂ ಇರುತ್ತಿತ್ತು. ಹೆತ್ತವರು ಸರಿಯಿಲ್ಲ ಅಂತ ಸಂಸ್ಥೆಗೆ ಅನ್ನಿಸಿದರೆ ಹಡಗು ಹೊರಟ ಮೇಲೆ ನೋಟಿಸು ಕಳಿಸುವ ಪದ್ಧತಿಯೂ ಇತ್ತು. ಇಂಥದ್ದನ್ನು ‘ಪರೋಪಕಾರಿ ಅಪಹರಣ’ ಅಂತ ಸಂಸ್ಥೆ ಕಟ್ಟಿದ ಬರ್ನಾರ್ಡೋ ತಾವೇ ಹೇಳಿಕೊಂಡಿದ್ದಾರೆ. ಇಷ್ಟೆಲ್ಲ ಗೊತ್ತಿದ್ದರೆ ನಾನು ಸಾವಿನ ಪಟ್ಟಿ ಮುಟ್ಟುತ್ತಲೇ ಇರಲಿಲ್ಲ. ಸತ್ತವರನ್ನೇ ಹುಡುಕುತ್ತ ಹೋದರೆ ಸತ್ತವರೇ ಸಿಗುತ್ತಾರೆ. ಲಂಡನ್ನಿನಂಥ ಊರಿನಲ್ಲಿ ಯಾವ ಅಡ್ಡಹೆಸರಿಗೂ ಒಂದು ಸತ್ತ ಜೋಡಿ ಇದ್ದೇ ಇರುತ್ತದೆ.

ಸತ್ಯ ಇದ್ದದ್ದು ಸೈನ್ಯದ ಫೈಲಿನಲ್ಲಿ. ಯುದ್ಧದ ಕಾಗದ ಯುದ್ಧಕ್ಕೆ ಸಂಬಂಧಪಟ್ಟದ್ದು, ಸಂಬಂಧಿಕರಿಗಲ್ಲ ಅಂದುಕೊಂಡು ಅದನ್ನು ನಾನು ತೆರೆದೇ ಇರಲಿಲ್ಲ. ಮೊದಲ ಮಹಾಯುದ್ಧಕ್ಕೆ ಈ ಹುಡುಗರಲ್ಲಿ ಸಾವಿರಾರು ಮಂದಿ ಸೇರಿದ್ದರು. ಆ ಕೆನಡಾ ಪಡೆಯ ಸೈನಿಕರ ಫೈಲುಗಳೆಲ್ಲ ಸ್ಕ್ಯಾನ್ ಆಗಿ ಒಟ್ಟಾವದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮವರ 1916ರ ಭರ್ತಿ ಅರ್ಜಿಯಲ್ಲಿ ‘ಹತ್ತಿರದ ಬಂಧು’ ಅನ್ನುವ ಕಡೆ ಮೊದಲು ರೈತನ ಹೆಸರು ಬರೆದಿದ್ದಾರೆ. ಅದರ ಮೇಲೆ ಒಂದು ಗೀಟು. ಕೆಳಗೆ ಬೇರೆ ಶಾಯಿಯಲ್ಲಿ, ಒತ್ತಿ ಬರೆದ ಅಕ್ಷರದಲ್ಲಿ: ತಾಯಿ, ಬೆತ್ನಲ್ ಗ್ರೀನ್, ಲಂಡನ್. ಮನೆ ನಂಬರೂ ಇತ್ತು. ಅದೇ ಫೈಲಿನ ಸಂಬಳದ ಕಾರ್ಡಿನಲ್ಲಿ ತಿಂಗಳಿಗೆ 15 ಡಾಲರ್ ಆಕೆಗೆ ಹೋಗಿದೆ. ಸಾಮಾನ್ಯ ಸಿಪಾಯಿಗೆ ಆಗ ಭತ್ಯೆ ಸೇರಿ ದಿನಕ್ಕೆ 1 ಡಾಲರ್ 10 ಸೆಂಟ್. ಅಂದರೆ ಸಂಬಳದ ಹತ್ತಿರ ಹತ್ತಿರ ಅರ್ಧ.

ಆ ವಿಳಾಸ ಹಿಡಿದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿದ್ದ, ಮಾವನವರ ಅಪ್ಪನ ತಂಗಿಯ ವಂಶದವರನ್ನು ಮುಟ್ಟಿದೆ. ಒಂಟಾರಿಯೋದಿಂದ ಬಂದ ಒಂದು ಡಬ್ಬಿ ಕಾಗದ ಅವರಲ್ಲಿತ್ತಂತೆ. ಹಿಂದಿನ ಚಳಿಗಾಲದಲ್ಲಿ ಮನೆ ಖಾಲಿ ಮಾಡುವಾಗ ರದ್ದಿಗೆ ಹೋಯಿತಂತೆ. ಆ ಚಳಿಗಾಲದಲ್ಲಿ ನಾನು ಸ್ಟೆಪ್ನಿಯ ಸರ್ಟಿಫಿಕೇಟು ತರಿಸುತ್ತ ಕೂತಿದ್ದೆ.

ಈಗ ನೀವು ಮಾಡಬೇಕಾದದ್ದು. ಅದೇ ಪತ್ರಾಗಾರದಲ್ಲಿ ಈ ಮಕ್ಕಳದೇ ಹೆಸರಿನ ಪಟ್ಟಿಯೂ ಇದೆ. ಹಡಗು, ತಂದ ತಂಡ, ಇಳಿದ ಮೇಲೆ ಹೋದ ಊರು ಅದರಲ್ಲಿ ಸಿಗುತ್ತವೆ. ಲಂಡನ್ ಮಕ್ಕಳು ‘ಹ’ ನುಂಗಿ ಮಾತಾಡುವವರು, ಹ್ಯಾರಿಸ್ ‘ಆರಿಸ್’ ಆಗಿ ಬರೆಸಿಕೊಂಡಿರಬಹುದು, ಎರಡೂ ಕಾಗುಣಿತ ಹಾಕಿ ನೋಡಿ. ಹೋದ ಊರು ಗಮನಿಸಿ: ಪೀಟರ್‌ಬರೋ ಅಂದರೆ ಬರ್ನಾರ್ಡೋದ ಹೆಣ್ಣುಮಕ್ಕಳ ಮನೆ, ಬ್ರಾಕ್‌ವಿಲ್ ಅಂದರೆ ಸ್ಕಾಟ್ಲೆಂಡಿನ ಕ್ವಾರಿಯರ್ ಸಂಸ್ಥೆಯ ಮನೆ, ನಯಾಗರಾ-ಆನ್-ದ-ಲೇಕ್ ಅಂದರೆ ಇಂಥ ಮಕ್ಕಳನ್ನು ಕರೆತರುತ್ತಿದ್ದ ಮರಿಯಾ ರೈ ಎಂಬಾಕೆ ಶುರುಮಾಡಿದ ಮನೆ. ಯಾವ ಸಂಸ್ಥೆ ಅಂತ ಗೊತ್ತಾದ ಮೇಲೆಯೇ ಕಡತ ಕೇಳಿ ಬರೆಯಬೇಕು. ಬರ್ನಾರ್ಡೋದಲ್ಲಿ ವಂಶಸ್ಥರಿಗೆ ಸೇರ್ಪಡೆಯ ವಿವರ ಕೊಡುತ್ತಾರೆ. ಫೋಟೋ ಇದ್ದರೆ ಅದನ್ನೂ. ಶುಲ್ಕ ಇದೆ. ಕೊಟ್ಟರೂ ನಷ್ಟವಿಲ್ಲ, ತಾಯಿ ಯಾರು, ಯಾಕೆ ಬಿಟ್ಟಳು ಅನ್ನುವುದು ಇರುವುದೇ ಅಲ್ಲಿ.

1911ರ ಕೆನಡಾ ಜನಗಣತಿಯಲ್ಲಿ ಸಿಕ್ಕ ರೈತನ ಮನೆಯೇ ಅವರ ಮೊದಲ ಮನೆ ಅಂದುಕೊಳ್ಳಬೇಡಿ. ಹೊಂದಿಕೆಯಾಗದಿದ್ದರೆ, ಹುಡುಗ ಬೆಳೆದು ಕೂಲಿ ಕೇಳುವ ವಯಸ್ಸಿಗೆ ಬಂದರೆ, ವಾಪಸು ಕಳಿಸಿ ಇನ್ನೊಬ್ಬನನ್ನು ತರಿಸಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಶಾಲೆಗೆ ಕಳಿಸುತ್ತೇವೆ ಅಂತ ಒಪ್ಪಂದಕ್ಕೆ ಸಹಿ ಹಾಕಿ ಕೊಟ್ಟಿಗೆಗೆ ಕಳಿಸಿದವರು ಎಷ್ಟೋ ಜನ. ದತ್ತು ಪತ್ರವನ್ನಂತೂ ಹುಡುಕಲೇಬೇಡಿ, ಒಂಟಾರಿಯೋದಲ್ಲಿ ದತ್ತು ಕಾನೂನು ಬಂದದ್ದೇ 1921ರಲ್ಲಿ.

ಡಿಎನ್‌ಎ ಪರೀಕ್ಷೆ ಬಗ್ಗೆ ಕೇಳಿದ್ದೀರಿ. ಈಗ ಬೇಡ. ನೂರಾರು ದೂರದ ನೆಂಟರ ಹೆಸರು ಬಂದು ಬೀಳುತ್ತದೆ, ತಾಯಿಯ ಹೆಸರೇ ಗೊತ್ತಿಲ್ಲದೆ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ದುಡ್ಡು ಕೊಟ್ಟು ಸಂಶೋಧಕರನ್ನು ಇಡುವುದೂ ಬೇಡ. ‘ಇಬ್ಬರೂ ಸತ್ತಿದ್ದಾರೆ’ ಅಂತ ನೀವು ಹೇಳಿದರೆ ಅವರೂ ಅದನ್ನೇ ಹುಡುಕುತ್ತಾರೆ.

ಅವರು ಸೈನ್ಯಕ್ಕೆ ಸೇರಿರದಿದ್ದರೆ ಒಂಟಾರಿಯೋದ ಮದುವೆ ನೋಂದಣಿ ತೆಗೆಸಿ. ಅದರಲ್ಲಿ ಮದುಮಗನ ತಂದೆ-ತಾಯಿಯ ಹೆಸರು, ತಾಯಿಯ ತವರಿನ ಅಡ್ಡಹೆಸರು ಬರೆಸಬೇಕಿತ್ತು. ಆ ಅಡ್ಡಹೆಸರನ್ನು ಇಂಗ್ಲೆಂಡಿನ ಜನನ ಸೂಚಿಯಲ್ಲಿ ಹಾಕಿದರೆ ಒಡಹುಟ್ಟಿದವರೆಲ್ಲ ಒಟ್ಟಿಗೆ ಸಿಗುತ್ತಾರೆ. ಅಲ್ಲಿಂದ 1911, 1921ರ ಇಂಗ್ಲೆಂಡ್ ಜನಗಣತಿಯಲ್ಲಿ ತಾಯಿಯನ್ನು ಹುಡುಕಿ. 1931ರದು ಬೆಂಕಿಗೆ ಹೋಗಿದೆ, ಅದರ ಬದಲು 1939ರಲ್ಲಿ ಮನೆಮನೆಯ ಜನರನ್ನು ಬರೆದುಕೊಂಡ ರಿಜಿಸ್ಟರು ಇದೆ. ಒಂದೇ ಎಚ್ಚರ: ಕೆಲವರು ಮದುವೆಯಲ್ಲಿ ನಾಚಿಕೆಗೆ ರೈತ ದಂಪತಿಯ ಹೆಸರನ್ನೇ ಬರೆಸಿದ್ದಾರೆ. ಹುಡುಗ ಇದ್ದ ಮನೆಯವರ ಹೆಸರನ್ನು ಮೊದಲು ಪಕ್ಕದಲ್ಲಿಟ್ಟುಕೊಂಡು ಆಮೇಲೆ ಅದನ್ನು ಓದಿ.