ಫಾರ್ಮ್ಯಾಟ್ ಸದ್ಯಕ್ಕೆ ಬೇಡ

ಸರ್, ಗಂಗಾವತಿಯ ನಿಮ್ಮ ರೈಸ್ ಮಿಲ್ ಕಂಪ್ಯೂಟರ್ ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಲೋಗೋದಲ್ಲೇ ನಿಂತಿದೆ, ಫಾರ್ಮ್ಯಾಟ್ ಮಾಡಿದರೆ ಟ್ಯಾಲಿ ಲೆಕ್ಕ ಹೋಗುತ್ತಾ ಅಂತ ಕೇಳಿದ್ದೀರಿ. ಲೆಕ್ಕ ಸಿ ಡ್ರೈವ್‌ನಲ್ಲಿದ್ದರೆ ಹೋದ ಹಾಗೇ. ರಿಪೇರಿ ಅಂಗಡಿಯವರಿಗೆ ಸ್ವಲ್ಪ ತಡೀರಿ ಅನ್ನಿ.

ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಕಿತ್ತು ಒಮ್ಮೆ ಆನ್ ಮಾಡಿ. ಆಗಲಿಲ್ವಾ? ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ರಿಪೇರಿ ಸ್ಕ್ರೀನ್ ತಾನಾಗೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್‌ಗೆ ಹೋಗಿ 'ಫೀಚರ್ ಅಪ್‌ಡೇಟ್' ತೆಗೆಯಿರಿ. ಹಳೇ 10 ವಾಪಸ್ ಬರುತ್ತದೆ, ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಈ ದಾರಿ ಅಪ್‌ಗ್ರೇಡ್ ಆದ 10 ದಿನ ಮಾತ್ರ, ಸುಮ್ನೆ ಕೂರಬೇಡಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) 48 ಅಂಕಿಯ ಕೀ ಕೇಳಿದರೆ ಗಾಬರಿ ಬೇಡ, ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.